ಯಾವ ಸ್ಟೆಪ್ ಮೊದಲು ಬರೆಯಲಿ?

ಪ್ರಶ್ನೆ: ಮಡಿಕೇರಿಯಲ್ಲಿ ಎಂಬಿಬಿಎಸ್ ಓದಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಅಮೆರಿಕದಲ್ಲಿ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ತಜ್ಞ ವೈದ್ಯರ ತರಬೇತಿ) ಸೇರುವ ಆಸೆ. ಅಲ್ಲಿನ ವೈದ್ಯರ ಲೈಸೆನ್ಸ್ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಸ್ಟೆಪ್ 2 ಸಿಕೆ (ರೋಗಿ ಚಿಕಿತ್ಸೆಯ ಜ್ಞಾನದ್ದು) ಮೊದಲು ಬರೆದು ಆಮೇಲೆ ಸ್ಟೆಪ್ 1 (ಮೂಲ ವಿಷಯಗಳದ್ದು) ಬರೆಯಬಹುದಾ? ಸ್ಟೆಪ್ 3 ಯಾವಾಗ?
– ಒಬ್ಬ ಓದುಗರು, ವಿರಾಜಪೇಟೆ

ಉತ್ತರ: ಬರೆಯಬಹುದು, ನಿಯಮದ ಅಡ್ಡಿಯಿಲ್ಲ. ದಿನಾ ವಾರ್ಡಿನಲ್ಲಿರುವವರಿಗೆ ಸಿಕೆ ಹತ್ತಿರದ್ದು ಅನ್ನಿಸುವುದೂ ಸಹಜ. ಆದರೂ ಸ್ಟೆಪ್ 1 ಮೊದಲು ಮುಗಿಸಿ ಅಂತಲೇ ನಾನು ಹೇಳುವುದು. 2022ರ ಜನವರಿಯಿಂದ ಅದರಲ್ಲಿ ಬರೀ ಪಾಸ್ ಅಥವಾ ಫೇಲ್, ಅಂಕ ಕೊಡುವುದು ಸಿಕೆಗೆ, ಅಲ್ಲಿನ ಆಸ್ಪತ್ರೆಯವರು ರೆಸಿಡೆನ್ಸಿ ಅರ್ಜಿಗಳನ್ನು ಹೋಲಿಸುವಾಗ ಆ ಅಂಕಕ್ಕೆ ತುಂಬಾ ತೂಕವಿದೆ, ಒಮ್ಮೆ ಪಾಸಾದರೆ ಅಂಕ ಕಮ್ಮಿ ಬಂತು ಅಂತ ಮತ್ತೆ ಬರೆಯಲು ಬಿಡುವುದೂ ಇಲ್ಲ. ಪೆಥಾಲಜಿ, ಫಿಸಿಯಾಲಜಿ ಗಟ್ಟಿಯಾದ ಮೇಲೆ ಸಿಕೆಗೆ ಕೂತರೆ ಒಳ್ಳೆಯದು ಅಲ್ವಾ?

ರೆಸಿಡೆನ್ಸಿ ಅರ್ಜಿ ಹೋಗುವುದು ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ ಸಿಕೆ ಫಲಿತಾಂಶ ಕೈಯಲ್ಲಿರುವ ಹಾಗೆ ಹಿಂದಕ್ಕೆ ಎಣಿಸಿ. ವಿದೇಶದಲ್ಲಿ ಓದಿದ ವೈದ್ಯರಿಗೆ ಅಲ್ಲಿ ಬೇಕಾದ ಇಸಿಎಫ್‌ಎಂಜಿ ಸರ್ಟಿಫಿಕೇಟಿಗೆ ಒಇಟಿ ಇಂಗ್ಲಿಷ್ ಪರೀಕ್ಷೆಯೂ ಬೇಕು, ಮರೆಯಬೇಡಿ.

ಸ್ಟೆಪ್ 3 ಆ ಸರ್ಟಿಫಿಕೇಟ್ ಬಂದ ಮೇಲೆಯೇ, ಅದೂ ಅಮೆರಿಕಕ್ಕೇ ಹೋಗಿ ಬರೆಯಬೇಕು. ಎಚ್-1ಬಿ (ಉದ್ಯೋಗ) ವೀಸಾ ಬೇಕಿದ್ದರೆ ರೆಸಿಡೆನ್ಸಿಗೆ ಮೊದಲೇ ಮುಗಿಸಿ. ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾ ಸಾಕು ಅಂದರೆ ಸುಮ್ನೆ ಈಗಲೇ ಅಷ್ಟು ದುಡ್ಡು ಸುರಿಯಬೇಡಿ, ರೆಸಿಡೆನ್ಸಿ ಸೇರಿದ ಮೇಲೆ ಬರೆಯಬಹುದು.

ಮೊದಲ ಎರಡಕ್ಕೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಜುಲೈ, ಆಗಸ್ಟ್‌ನ ದಿನಾಂಕ ಸಿಕ್ಕರೆ ನಮ್ಮ ಮಳೆ, ರಸ್ತೆ ನಿಮಗೇ ಗೊತ್ತು, ಎರಡು ದಿನ ಮೊದಲೇ ಹೋಗಿ ಉಳಿದುಕೊಳ್ಳಿ.