ಮರೆತುಹೋದ ಕೈದಿಗಳ ಕಥೆಯನ್ನು ಓದುಗರು ಏಕೆ ನಂಬುತ್ತಿಲ್ಲ?

ಬಿಡುಗಡೆಯ ಆದೇಶವಾದ ಮೇಲೂ ಜೈಲಿನಲ್ಲೇ ಉಳಿದುಹೋದವರನ್ನು ಕುರಿತ ತಮ್ಮ ಚೊಚ್ಚಲ ರೋಚಕ ಕಾದಂಬರಿಯ ಹಸ್ತಪ್ರತಿಯನ್ನು ಕೆಲವರು ಒಂದೇ ಉಸಿರಿಗೆ ಓದಿ ಮುಗಿಸಿದರೆಂದೂ, ಮತ್ತೆ ಕೆಲವರು ಹೀಗೆಲ್ಲ ನಡೆಯಲು ಸಾಧ್ಯವೇ ಇಲ್ಲವೆಂದು ತಳ್ಳಿಹಾಕಿದರೆಂದೂ ಬರೆದು, ಯಾರ ಮಾತನ್ನು ಕೇಳಬೇಕೆಂದು ಪ್ರಶ್ನಿಸಿದ್ದೀರಿ. ನಾನು ಕಲಬುರಗಿಯಲ್ಲಿ ವಕೀಲರೊಬ್ಬರ ಕಚೇರಿಯ ಗುಮಾಸ್ತ, ಇಂಥ ಕಾದಂಬರಿಗಳ ಹಳೆಯ ಓದುಗ. ನಂಬದವರ ಮಾತನ್ನೇ ಮೊದಲು ಕೇಳಿ ಎನ್ನುತ್ತೇನೆ. ತಾವು ಕೊಟ್ಟಿರುವ ಸಾರಾಂಶದಲ್ಲಿ ಕ್ರೂರಿಯಾದ ಜೈಲರ್ ಇದ್ದಾನೆ, ಅವನ ಬೆನ್ನಿಗೆ ಮಂತ್ರಿಯಿದ್ದಾನೆ. ಓದುಗರಿಗೆ ಒಪ್ಪಿಗೆಯಾಗದಿರುವುದು ಬಹುಶಃ ಈ ಸಂಚು.

ಘಟನೆಗಳಿಗೇನೂ ಬರವಿಲ್ಲ. ಬಿಹಾರದ ರುದುಲ್ ಸಾಹ್ 1968ರ ಜೂನ್‌ನಲ್ಲೇ ಖುಲಾಸೆಯಾದರೂ ಮುಜಫ್ಫರ್‌ಪುರ ಜೈಲಿನಿಂದ ಹೊರಬಿದ್ದದ್ದು 1982ರ ಅಕ್ಟೋಬರ್‌ನಲ್ಲಿ. ಆತನಿಗೆ ಬುದ್ಧಿಭ್ರಮಣೆಯಾಗಿತ್ತೆಂಬ ಸರ್ಕಾರದ ಸಮಜಾಯಿಷಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1983ರಲ್ಲಿ, ಮೊದಲೇ ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ 30,000 ರೂಪಾಯಿ ಕೊಡಿಸಿತು. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಂತೂ, ತಪ್ಪು ಸಾಬೀತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆತವರು ಬೆಳಕಿಗೆ ಬಂದರು. ಇವರನ್ನು ಯಾವ ಮಂತ್ರಿಯೂ ಕುಳಿತು ಬಚ್ಚಿಟ್ಟಿರಲಿಲ್ಲ. ಕೇಳುವವರು ಇರಲಿಲ್ಲ, ಅಷ್ಟೇ.

ನಮ್ಮ ಕಡೆಯದೇ ಸಂಗತಿ ನೋಡಿ. ಜಾಮೀನು ಮಂಜೂರಾದ ದಿನ ಮನೆಯವರು ಪೇಡೆ ಹಂಚುತ್ತಾರೆ. ಅಸಲಿ ಕೆಲಸ ಆಮೇಲೆ ಶುರುವಾಗುತ್ತದೆ. ಶ್ಯೂರಿಟಿ ನಿಲ್ಲುವವರು ಪಹಣಿ ತರಬೇಕು. ತಂದರೆ, ಹೊಲ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುತ್ತದೆ, ಪೌತಿ ಖಾತೆ ಮಾಡಿಸಿರುವುದಿಲ್ಲ; ಇಲ್ಲವೇ ಪಹಣಿಯಲ್ಲಿ ಭೀಮರಾಯ, ಆಧಾರ್‌ನಲ್ಲಿ ಭೀಮಣ್ಣ. ಚಿಂಚೋಳಿ, ಆಳಂದ ಕಡೆಯಿಂದ ಪುಣೆಗೋ ಮುಂಬೈಗೋ ಗುಳೆ ಹೋದ ಕೂಲಿಕಾರ ಅಲ್ಲಿಯೇ ಸಿಕ್ಕಿಬಿದ್ದರೆ ಪಾಡು ಇನ್ನೂ ಕಷ್ಟ: ಆ ಊರಿನಲ್ಲಿ ಜಮೀನಿದ್ದ ಯಾವನು ಅವನಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ? ಆದೇಶದ ಪ್ರತಿ ಕಡತದಲ್ಲಿ ಭದ್ರವಾಗಿರುತ್ತದೆ, ಮನುಷ್ಯ ಒಳಗಿರುತ್ತಾನೆ. ಇಂಥದ್ದು ತೀರ ಸಾಮಾನ್ಯವಾದ್ದರಿಂದಲೇ, ಜಾಮೀನಾಗಿ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶನ ನೀಡಬೇಕಾಯಿತು.

ನನ್ನನ್ನು ಕೇಳಿದರೆ ಕುತೂಹಲ ಹುಟ್ಟಬೇಕಾದ ಜಾಗ ಇದೇ. ಬಿಡುಗಡೆಯ ಆದೇಶವಾಗಿದೆ ಎಂಬುದು ಓದುಗನಿಗೆ ಗೊತ್ತಿರಲಿ, ಕೈದಿಗೆ ಗೊತ್ತಿಲ್ಲದಿರಲಿ. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದನ್ನು ಓದುಗ ಹಲ್ಲುಕಚ್ಚಿಕೊಂಡು ನೋಡುತ್ತಾನೆ. ಜೈಲರ್‌ನನ್ನು ಕೈಬಿಡಬೇಕಾಗಿಲ್ಲ, ಆದರೆ ಅವನು ನಿವೃತ್ತಿಗೆ ಹತ್ತಿರವಾದ, ಸಂಬಳದ ಬಾಕಿಯ ಚಿಂತೆಯಲ್ಲಿರುವ ಸಾಧಾರಣ ನೌಕರನಾದರೆ ನಾನಂತೂ ಹೆಚ್ಚು ಹೆದರುತ್ತೇನೆ. ಮೆಚ್ಚಿದ ಓದುಗರಿಂದ ತಿಳಿಯಬೇಕಾದದ್ದು ಒಂದೇ, ಯಾವ ಪುಟಗಳನ್ನು ಹಾರಿಸಿ ಓದಿದರು ಎಂಬುದು. ಸಂಚಿನ ಅಧ್ಯಾಯಗಳೇ ಆಗಿದ್ದರೆ ನನಗೆ ಆಶ್ಚರ್ಯವಾಗದು.

ಕಥೆಯ ಕಾಲವನ್ನೂ ಒಮ್ಮೆ ನೋಡಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಿಲ್ಲದ, ಹಿಂದೆ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ, ಅಧೀಕ್ಷಕರೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಆ ಅರ್ಜಿ ಏಕೆ ಹೋಗಲಿಲ್ಲವೆಂದು ಕಾದಂಬರಿ ಹೇಳದಿದ್ದರೆ, ಕೋರ್ಟಿನ ವ್ಯವಹಾರ ಬಲ್ಲ ಓದುಗ ಮೂರನೆಯ ಅಧ್ಯಾಯದಲ್ಲೇ ಪುಸ್ತಕ ಮುಚ್ಚುತ್ತಾನೆ.