ರೈಲು ಊರಿನ ಹೊರಗೇ ನಿಲ್ಲಲಿ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅತ್ತೆಯವರನ್ನೂ ಕರೆದುಕೊಂಡು ಉಜ್ಬೇಕಿಸ್ತಾನಕ್ಕೆ ಹೋಗಬೇಕು ಅಂದುಕೊಂಡಿದ್ದೇವೆ. ಅವರಿಗೆ ಮೊಣಕಾಲು ನೋವು, ಜೊತೆಗೆ ಶುದ್ಧ ಸಸ್ಯಾಹಾರಿ. ಟೂರ್‌ನವರು ಬಸ್ಸಲ್ಲೇ ಸುತ್ತಿಸುತ್ತೇವೆ ಅಂತಾರೆ. ರೈಲು ಒಳ್ಳೆಯದಾ? ಫಾಸ್ಟ್ ರೈಲು ಬಂದದ್ದಕ್ಕೇ ಆ ದೇಶಕ್ಕೆ ಇಷ್ಟು ಪ್ರವಾಸಿಗರು ಬರುತ್ತಿದ್ದಾರೆ ಅನ್ನುವುದು ನಿಜವಾ?
— ಓದುಗರು, ಚಿಂಚವಾಡ, ಪುಣೆ

ಉತ್ತರ: ರೈಲಲ್ಲೇ ಹೋಗಿ. ಅಲ್ಲಿನ ಫಾಸ್ಟ್ ರೈಲು ಅಫ್ರಾಸಿಯಾಬ್ 2011ರಲ್ಲಿ ಶುರುವಾಯಿತು. ತಾಷ್ಕೆಂಟ್‌ನಿಂದ ಸಮರ್ಕಂದ್‌ಗೆ 344 ಕಿಲೋಮೀಟರ್, ಎರಡು ಗಂಟೆ ಚಿಲ್ಲರೆ. 2016ರಲ್ಲಿ ಬುಖಾರಾವರೆಗೂ ಹೋಯಿತು. ಸ್ಪೇನಿನ ಟಾಲ್ಗೋ ಕಂಪನಿಯ ಗಾಡಿ ಅದು. ಇದೇ ಕಂಪನಿಯ ಬೋಗಿಗಳನ್ನು 2016ರಲ್ಲಿ ದೆಹಲಿ–ಮುಂಬೈ ಹಳಿಯ ಮೇಲೆ ಪರೀಕ್ಷೆಗೆ ಓಡಿಸಿದ್ದರು, ನೆನಪಿದೆಯಾ? ಬೋಗಿಗಳು ಗಿಡ್ಡ, ನೆಲ ತಗ್ಗಿನಲ್ಲಿದೆ. ರೈಲ್ವೆಯಲ್ಲೇ ನೌಕರಿ ಮುಗಿಸಿದವನು ನಾನು. ಅಲ್ಲಿಗೆ ಹೋದಾಗ ಮೊದಲು ಬಗ್ಗಿ ನೋಡಿದ್ದೇ ಎರಡು ಬೋಗಿಗಳ ನಡುವೆ ಕೂತಿರುವ ಚಕ್ರಗಳನ್ನು. ಅತ್ತೆಯವರಿಗೆ ನಮ್ಮ ಗಾಡಿಗಳಷ್ಟು ಎತ್ತರ ಹತ್ತುವ ಕಷ್ಟ ಇರುವುದಿಲ್ಲ.

ಟಿಕೆಟ್ ಮಾತ್ರ ಮೊದಲೇ ಮಾಡಿಸಿ, ಅಕ್ಟೋಬರ್ ಅಲ್ಲಿ ಸೀಸನ್. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಸ್ಟೇಷನ್ ಬಾಗಿಲಲ್ಲೇ ಟಿಕೆಟ್ ಜೊತೆ ಹೋಲಿಸಿ ನೋಡುತ್ತಾರೆ, ಸಾಮಾನು ಸ್ಕ್ಯಾನ್ ಮಾಡುತ್ತಾರೆ. ಸಮರ್ಕಂದ್‌ನ ರೆಗಿಸ್ತಾನ್ ಚೌಕ ಸಮತಟ್ಟು, ಮೂರು ಮದರಸಾಗಳನ್ನೂ ಆರಾಮವಾಗಿ ನೋಡಬಹುದು. ಶಾಹಿ ಜಿಂದಾ ಎಂಬ ಹಳೇ ಗೋರಿಗಳ ಸಾಲಿಗೆ ಹತ್ತಲು ಕಡಿದಾದ ಮೆಟ್ಟಿಲುಗಳಿವೆ, ಅಲ್ಲಿ ಅವರನ್ನು ಕೆಳಗೇ ಕೂರಿಸಿ. ಊಟಕ್ಕೆ ಕುಂಬಳಕಾಯಿ ತುಂಬಿದ ಸೋಮ್ಸಾ (ಅಲ್ಲಿನ ಸಮೋಸಾ) ಕೇಳಿ, ಆದರೆ ಕೊಬ್ಬು ಹಾಕಿದ್ದಾರಾ ಅಂತ ವಿಚಾರಿಸಿಯೇ ತಿನ್ನಿ. ನಾನ್‌ಗೆ ಮೋಸವಿಲ್ಲ. ಸಮರ್ಕಂದ್‌ನ ನಾನ್ ದಪ್ಪ, ಅಂಚು ಉಬ್ಬಿರುತ್ತದೆ. ನಡುವೆ ಮುಳ್ಳಿನ ಅಚ್ಚು ಒತ್ತಿ ಹೂವಿನ ಚುಕ್ಕಿ ಮೂಡಿಸಿರುತ್ತಾರೆ. ಮೇಲೆ ಎಳ್ಳು. ನನ್ನ ಹೆಂಡತಿ ಅದಕ್ಕೆ ಶೇಂಗಾ ಚಟ್ನಿಪುಡಿ ಹಚ್ಚಿ ತಿಂದದ್ದೇ ಅವಳ ಪಾಲಿನ ಊಟ. ಒಂದು ಡಬ್ಬಿ ಕಟ್ಟಿಕೊಳ್ಳಿ.

ಇನ್ನು ಎರಡನೇ ಪ್ರಶ್ನೆ. ರೈಲಿನಿಂದಲೇ ಅಂದರೆ ನಾನು ಒಪ್ಪುವುದಿಲ್ಲ. ರೈಲು ಬಂದದ್ದು 2011ರಲ್ಲಿ, ಜನ ನುಗ್ಗಿದ್ದು 2017ರ ನಂತರ. ಹೊಸ ಅಧ್ಯಕ್ಷರು ಬಂದ ಮೇಲೆ ಗಡಿಗಳು ಸಡಿಲವಾದವು, ಎಷ್ಟೋ ದೇಶಗಳಿಗೆ ವೀಸಾ ತೆಗೆದರು, 2018ರಲ್ಲಿ ನಮ್ಮಂಥವರಿಗೆ ಈ-ವೀಸಾ ಕೊಟ್ಟರು. ಹಣ ಬದಲಾಯಿಸಲು ಕಾಳಸಂತೆಗೆ ಹೋಗುವ ಪರಿಸ್ಥಿತಿ ತಪ್ಪಿತು. 2016ರಲ್ಲಿ ಸುಮಾರು 20 ಲಕ್ಷ ಇದ್ದ ಪ್ರವಾಸಿಗರು 2019ಕ್ಕೆ 67 ಲಕ್ಷ ದಾಟಿದರು. ಅದರಲ್ಲಿ ಅಕ್ಕಪಕ್ಕದ ದೇಶದವರೇ ಜಾಸ್ತಿ. ಹಳಿ ಸಿದ್ಧವಿತ್ತು, ಬಾಗಿಲು ತೆರೆದದ್ದು ಆಮೇಲೆ. ಬಾಗಿಲು ತೆರೆದಾಗ ಹಳಿ ಇರದೇ ಇದ್ದರೆ ಬಂದವರೆಲ್ಲ ತಾಷ್ಕೆಂಟ್‌ನಲ್ಲೇ ಕೂರುತ್ತಿದ್ದರು ಅನ್ನುವುದೂ ಅಷ್ಟೇ ಸತ್ಯ.

ಬುಖಾರಾದಲ್ಲಿ ಇಳಿದಾಗ ಗಾಬರಿಯಾಗಬೇಡಿ. ಸ್ಟೇಷನ್ ಇರುವುದು ಕಾಗಾನ್ ಎಂಬಲ್ಲಿ, ಹಳೇ ಊರಿಂದ ಹನ್ನೆರಡು ಕಿಲೋಮೀಟರಿಗಿಂತ ಜಾಸ್ತಿ. 1888ರಲ್ಲಿ ರಷ್ಯನ್ನರು ಹಳಿ ತಂದಾಗ ಅಲ್ಲಿನ ಅಮೀರನಿಗೆ ಅದು ಊರ ಹತ್ತಿರ ಬರುವುದು ಬೇಡವಾಗಿತ್ತು. ಅವನ ಕಾರಣ ಏನೇ ಇರಲಿ, ಒಳ್ಳೆಯದೇ ಆಯಿತು. ಟ್ಯಾಕ್ಸಿ ಹಿಡಿದು ಹೋದರೆ ಇಕ್ಕಟ್ಟಿನ ಓಣಿಗಳು, ಕಲ್ಯಾನ್ ಮಿನಾರ್, ಲ್ಯಾಬಿ ಹೌಜ್ ಕೊಳದ ಸುತ್ತಲಿನ ಹಳೇ ಮರಗಳು ಎಲ್ಲ ಇದ್ದಲ್ಲೇ ಇವೆ.

ತೈಮೂರನ ಊರು ಶಹ್ರಿಸಬ್ಜ್ ಕಥೆ ಬೇರೆ. ಯುನೆಸ್ಕೋ ಪಟ್ಟಿಗೆ ಸೇರಿದ್ದು 2000ದಲ್ಲಿ. ಪ್ರವಾಸಿಗರಿಗೆ ಅನುಕೂಲ ಮಾಡುತ್ತೇವೆ ಅಂತ ನಡುಊರಿನ ಹಳೇ ಮೊಹಲ್ಲಾಗಳನ್ನೇ ಕೆಡವಿ ಅಗಲವಾದ ಉದ್ಯಾನ ಮಾಡಿದರು. 2016ರಲ್ಲಿ ಯುನೆಸ್ಕೋ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಓದಿದಾಗ ನನಗೆ ಹೊಟ್ಟೆ ಉರಿಯಿತು, ಯಾಕೆಂದರೆ ನಮ್ಮ ಹಂಪಿಯೂ 1999ರಿಂದ 2006ರವರೆಗೆ ಅದೇ ಪಟ್ಟಿಯಲ್ಲಿತ್ತು. ಕಾರಣ, ಆನೆಗೊಂದಿಗೆ ಕಟ್ಟಲು ಹೊರಟ ಸೇತುವೆ. ಕೆಲಸ ನಡೆಯುತ್ತಿದ್ದಾಗಲೇ 2009ರಲ್ಲಿ ಅದು ಕುಸಿದು ಕೂಲಿಕಾರರು ಸತ್ತರು. ಆನೆಗೊಂದಿಯವರಿಗೆ ದಾರಿ ಬೇಡವೇ ಅಂದರೆ, ಖಂಡಿತ ಬೇಕು. ಆದರೆ ಸ್ಮಾರಕಗಳ ನಡುವೆ ಲಾರಿ ಓಡಿಸುವ ದಾರಿ ಬೇಡ. ದೊಡ್ಡ ರಸ್ತೆ, ದೊಡ್ಡ ಸ್ಟೇಷನ್, ಪಾರ್ಕಿಂಗ್ ಎಲ್ಲ ಹೊರಗೇ ಇರಲಿ. ಒಳಗೆ ಊರಿನವರು ಊರಿನವರಾಗಿಯೇ ಬದುಕಲಿ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಪ್ರಶ್ನೆ: ಹೊರದೇಶ ನಮ್ಮ ಕೈಗೆ ಎಟುಕುವುದಿಲ್ಲ. ಮುಂಬೈಯಲ್ಲೇ ಹುಟ್ಟಿದ ಮಕ್ಕಳಿಗೆ ನಮ್ಮ ಕಡೆಯ ಇತಿಹಾಸ ತೋರಿಸಬೇಕು. ಖರ್ಚು ಕಡಿಮೆ ಇರಬೇಕು.
— ಓದುಗರು, ಡೊಂಬಿವಿಲಿ

ಉತ್ತರ: ಮುಂಬೈ ಸಿಎಸ್‌ಎಂಟಿ–ಹೊಸಪೇಟೆ ಎಕ್ಸ್‌ಪ್ರೆಸ್ ಹಿಡಿಯಿರಿ. ಮೊದಲು ಗದಗಕ್ಕೇ ನಿಲ್ಲುತ್ತಿದ್ದ ಗಾಡಿ. ಕಲ್ಯಾಣದಲ್ಲೇ ಹತ್ತಬಹುದು. ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ, ಬಾದಾಮಿ, ಗದಗ, ಕೊಪ್ಪಳ ಎಲ್ಲ ಇದರ ದಾರಿ. ಆದಿಲ್‌ಶಾಹಿ, ಚಾಲುಕ್ಯ, ವಿಜಯನಗರ ಮೂರೂ ಒಂದೇ ಗಾಡಿಯಲ್ಲಿ! ಗೋಲಗುಮ್ಮಟ ವಿಜಯಪುರ ಸ್ಟೇಷನ್ನಿಗೆ ಹತ್ತಿರವೇ ಇದೆ. ಬಾದಾಮಿ ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ, ಆಟೋ ಬೇಕು. ಹೊಸಪೇಟೆಯಿಂದ ಹಂಪಿಗೆ ಬಸ್ಸಿದೆ.

ಒಂದೇ ಟಿಕೆಟ್ ತೆಗೆಯಬೇಡಿ. ಬಾದಾಮಿಗೆ ಒಂದು, ಬಾದಾಮಿಯಿಂದ ಹೊಸಪೇಟೆಗೆ ಇನ್ನೊಂದು ಮಾಡಿಸಿ, ನಡುವೆ ಒಂದು ರಾತ್ರಿ ಬಾದಾಮಿಯಲ್ಲೇ ಉಳಿಯಿರಿ. ಮೂರನೇ ಗುಹೆಯಲ್ಲಿ ಕ್ರಿಸ್ತಶಕ 578ರ ಶಾಸನವಿದೆ, ಮಕ್ಕಳಿಗೆ ಮರೆಯದೆ ತೋರಿಸಿ. ಮಂಗಗಳು ಜಾಸ್ತಿ, ತಿಂಡಿ ಚೀಲ ಬಿಚ್ಚಬೇಡಿ.