ಕ್ವೇಕರ್ ಕ್ರೈಸ್ತರ ಪ್ರಾರ್ಥನೆಯಲ್ಲಿ ಪಾದ್ರಿಯೂ ಇಲ್ಲ, ಹಾಡೂ ಇಲ್ಲ. ಯಾಕೆ?

ದೇವರ ಬೆಳಕು ಪ್ರತಿಯೊಬ್ಬರೊಳಗೂ ಇದೆ, ನಡುವೆ ಇನ್ನೊಬ್ಬರು ಬೇಕಿಲ್ಲ ಅನ್ನೋದು ಅವರ ಮೂಲ ನಂಬಿಕೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಈ ಪಂಥ ಹುಟ್ಟುಹಾಕಿದ ಜಾರ್ಜ್ ಫಾಕ್ಸ್ ಸಾರಿದ್ದು ಇದನ್ನೇ. ಹಾಗಾಗಿ ಎಲ್ಲರೂ ಬೆಂಚಿನ ಮೇಲೆ ಸುಮ್ನೆ ಕೂತಿರುತ್ತಾರೆ. ಏನಾದರೂ ಹೇಳಬೇಕು ಅನ್ನಿಸಿದವರು ಎದ್ದು ನಿಂತು ನಾಲ್ಕು ಮಾತಾಡಿ ಕೂರುತ್ತಾರೆ. ಹೆಂಗಸರೂ ಅಷ್ಟೇ, ಮೊದಲಿನಿಂದಲೂ. (ಎಲ್ಲ ಕಡೆಯೂ ಹೀಗಲ್ಲ. ಕೀನ್ಯಾದ ಕ್ವೇಕರರಲ್ಲಿ ಪಾದ್ರಿ, ಹಾಡು ಎರಡೂ ಉಂಟು.)

ಉಳಿದ ಮೌಲ್ಯಗಳೂ ಇಲ್ಲಿಂದಲೇ ಬಂದವು. ಎದುರಿಗಿರುವವನಲ್ಲೂ ಅದೇ ಬೆಳಕಿದ್ದರೆ ಅವನನ್ನು ಕೊಲ್ಲೋದು ಹೇಗೆ? ಅದಕ್ಕೇ ಯುದ್ಧ ಒಲ್ಲೆವು ಅಂದರು. ಎಲ್ಲರೂ ಸಮಾನರು ಅಂತ, ದೊಡ್ಡ ಮನುಷ್ಯರು ಎದುರಾದರೂ ಗೌರವಕ್ಕೆ ಟೋಪಿ ತೆಗೆಯುತ್ತಿರಲಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಅವರ ವ್ಯಾಪಾರ: ಅಂಗಡಿಗೆ ಮಗು ಬರಲಿ, ಸಾಹುಕಾರ ಬರಲಿ, ಒಂದೇ ಬೆಲೆ. ಚೌಕಾಸಿ ಇಲ್ಲ.